ಕ್ಯಾಮೆರಾ ಇಲ್ಲದ ಸಿನಿಮಾ

ಟೂರಿಂಗ್ ಟಾಕೀಸಿನಲ್ಲಿ ಹಳೆಯ ಪ್ರಿಂಟಿನ ಚಿತ್ರ ನೋಡಿದವರಿಗೆ ಪರದೆಯ ಮೇಲೆ ಸುರಿಯುವ ‘ಮಳೆ’ ಹೊಸದೇನಲ್ಲ. ಊರೂರು ಸುತ್ತಿ ಸವೆದ ರೀಲಿನ ಗೀರುಗಳೇ ಆ ಮಳೆ. ಪ್ರೇಕ್ಷಕರಿಗೆ ಅದು ಬರೀ ಕಿರಿಕಿರಿ. ಆದರೆ ಇಂಥ ಗೀರುಗಳಿಂದಲೇ ಸಿನಿಮಾ ಮಾಡಿದ ಕಲಾವಿದರಿದ್ದಾರೆ. ಅವರಿಗೆ ಕ್ಯಾಮೆರಾ ಬೇಕಿರಲಿಲ್ಲ. ನಟ ನಟಿಯರಂತೂ ಬೇಡವೇ ಬೇಡ.

ಇದು ಹೇಗೆ ಸಾಧ್ಯ? ಬೆಳಕನ್ನು ಒಂದು ಕಡೆ ತಡೆದು ಇನ್ನೊಂದು ಕಡೆ ಹಾಯಗೊಡುವ ಪಟ್ಟಿಯೊಂದಿದ್ದರೆ ಪ್ರೊಜೆಕ್ಟರಿಗೆ ಸಾಕು. ಅದರ ಮೇಲಿನ ಚಿತ್ರ ಕ್ಯಾಮೆರಾದಿಂದ ಬಂತೋ ಕುಂಚದಿಂದ ಬಂತೋ ಎಂದು ಅದು ವಿಚಾರಿಸುವುದಿಲ್ಲ. ಪಾರದರ್ಶಕ ಫಿಲ್ಮಿಗೆ ಬಣ್ಣ ಬಳಿದರೆ ಪರದೆಯ ಮೇಲೆ ಬಣ್ಣ. ಕಪ್ಪು ಫಿಲ್ಮನ್ನು ಸೂಜಿಯಿಂದ ಕೆರೆದರೆ ಬಿಳಿಯ ಗೆರೆ. ಕಷ್ಟವಿರುವುದು ಲೆಕ್ಕದಲ್ಲಿ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಒಂದು ನಿಮಿಷಕ್ಕೆ 1,440. ಅದೂ 16 ಮಿ.ಮೀ. ಫಿಲ್ಮಾದರೆ ಒಂದೊಂದು ಚೌಕಟ್ಟೂ ಬೆರಳಿನ ಉಗುರಿನಷ್ಟೇ.

ನ್ಯೂಜಿಲೆಂಡ್ ಮೂಲದ ಲೆನ್ ಲೈ 1935ರಲ್ಲಿ ಲಂಡನ್ನಿನಲ್ಲಿ ಫಿಲ್ಮಿನ ಮೇಲೆಯೇ ಬಣ್ಣ ಬಳಿದು ‘ಎ ಕಲರ್ ಬಾಕ್ಸ್’ ತಯಾರಿಸಿದರು. ಹಣ ಕೊಟ್ಟದ್ದು ಬ್ರಿಟನ್ನಿನ ಅಂಚೆ ಇಲಾಖೆ. ಕ್ಯೂಬಾದ ನೃತ್ಯಸಂಗೀತಕ್ಕೆ ಗೆರೆ, ಚುಕ್ಕೆಗಳು ಕುಣಿದು ಕುಣಿದು ಕೊನೆಗೆ ಪಾರ್ಸೆಲ್ ದರದ ಜಾಹೀರಾತಿಗೆ ಬಂದು ನಿಲ್ಲುತ್ತವೆ. ಸರ್ಕಾರಿ ಪ್ರಚಾರ ಇಷ್ಟು ಲವಲವಿಕೆಯಿಂದ ಇರುವುದು ಅಪರೂಪವೇ ಸರಿ. 1958ರ ‘ಫ್ರೀ ರ‍್ಯಾಡಿಕಲ್ಸ್’ನಲ್ಲಿ ಅವರು ಬಣ್ಣವನ್ನೂ ಬಿಟ್ಟು, ಆಫ್ರಿಕಾದ ಡೋಲಿನ ತಾಳಕ್ಕೆ ಕಪ್ಪು ಫಿಲ್ಮನ್ನು ಕೆರೆದರು. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯಲ್ಲಿದ್ದ ನಾರ್ಮನ್ ಮ್ಯಾಕ್‌ಲಾರೆನ್ ಇನ್ನೂ ಮುಂದೆ ಹೋಗಿ, ಫಿಲ್ಮಿನ ಅಂಚಿನ ಧ್ವನಿಪಟ್ಟಿಯ ಮೇಲೂ ಗುರುತು ಹಾಕಿ ಶಬ್ದ ಹೊರಡಿಸಿದರು. ಅವರ ‘ಬ್ಲಿಂಕಿಟಿ ಬ್ಲಾಂಕ್’ಗೆ 1955ರ ಕಾನ್ ಉತ್ಸವದಲ್ಲಿ ಕಿರುಚಿತ್ರ ವಿಭಾಗದ ಅಗ್ರ ಪ್ರಶಸ್ತಿ ಬಂತು.

ಆದರೆ ಈ ಹಾದಿಯಲ್ಲಿ ಎಲ್ಲರಿಗಿಂತ ದೂರ ನಡೆದವರು ಅಮೆರಿಕದ ಸ್ಟ್ಯಾನ್ ಬ್ರಾಕೇಜ್. ಅವರನ್ನು ಕ್ಯಾಮೆರಾ ಬಿಡುವಂತೆ ಮಾಡಿದ್ದು ಬಡತನ. ಫಿಲ್ಮ್ ಕೊಳ್ಳಲು ಕಾಸಿಲ್ಲದ ದಿನಗಳಲ್ಲಿ, ದೀಪಕ್ಕೆ ಮುತ್ತಿ ಸಾಯುವ ಪತಂಗಗಳು ಅವರ ಕಣ್ಣಿಗೆ ಬಿದ್ದವು. ಸಿನಿಮಾದ ಹುಚ್ಚಿನಲ್ಲಿ ತಾನೂ ಹಾಗೆಯೇ ಸುಟ್ಟುಕೊಳ್ಳುತ್ತಿದ್ದೇನೆ ಅನ್ನಿಸಿತು. ಸತ್ತ ಪತಂಗಗಳ ರೆಕ್ಕೆ, ಎಲೆ, ಹುಲ್ಲಿನ ಎಸಳುಗಳನ್ನು ಎರಡು ಪಾರದರ್ಶಕ ಅಂಟುಪಟ್ಟಿಗಳ ನಡುವೆ ಒತ್ತಿ, ಲ್ಯಾಬಿನಲ್ಲಿ ಅದರ ಪ್ರಿಂಟ್ ತೆಗೆಸಿದರು. 1963ರ ‘ಮಾತ್‌ಲೈಟ್’ ಹುಟ್ಟಿದ್ದು ಹೀಗೆ. ಅವಧಿ ನಾಲ್ಕು ನಿಮಿಷವೂ ಇಲ್ಲ, ಶಬ್ದವೂ ಇಲ್ಲ. ರೆಕ್ಕೆಯ ನರಗಳು, ಎಲೆಯ ಎಳೆಗಳು ಸರ್ರನೆ ಹಾಯ್ದು ಹೋಗುತ್ತವೆ. ಬೆಳಕಿಗೆ ಬಲಿಯಾದ ಹುಳುಗಳು ಪ್ರೊಜೆಕ್ಟರಿನ ಬೆಳಕಿನಲ್ಲಿ ಮತ್ತೆ ಪಟಪಟನೆ ಹಾರಿದಂತೆ ಕಾಣುತ್ತದೆ.

ಮುಂದೆ ಬ್ರಾಕೇಜ್ ಕೈಯಿಂದ ಬಣ್ಣ ಬಳಿದ ಚಿತ್ರಗಳನ್ನೇ ಹೆಚ್ಚಾಗಿ ಮಾಡಿದರು. ಕೆಲವೇ ನಿಮಿಷಗಳ ‘ದಿ ಡಾಂಟೆ ಕ್ವಾರ್ಟೆಟ್’ 1987ರಲ್ಲಿ ಮುಗಿಯುವ ಹೊತ್ತಿಗೆ ಆರು ವರ್ಷ ಹಿಡಿದಿತ್ತು. ನಂತರ ಅವರಿಗೆ ಮೂತ್ರಕೋಶದ ಕ್ಯಾನ್ಸರ್ ತಗುಲಿತು. ಫಿಲ್ಮಿಗೆ ಬಳಿಯುತ್ತಿದ್ದ ಕಲ್ಲಿದ್ದಲು ಟಾರಿನ ಬಣ್ಣಗಳೇ ಅದಕ್ಕೆ ಕಾರಣ ಎಂದು ಅವರು ನಂಬಿದ್ದರು. 2003ರ ಮಾರ್ಚ್‌ನಲ್ಲಿ ತೀರಿಕೊಂಡರು. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲೂ ಅವರ ಬಳಿ ಫಿಲ್ಮಿನ ತುಂಡೊಂದಿತ್ತು. ಅದರ ಲೇಪನವನ್ನು ಎಂಜಲಿನಿಂದ ನೆನೆಸಿ, ಉಗುರಿನಿಂದ ಗೀರುತ್ತಿದ್ದರು. ಆ ಗೀರುಗಳೇ ‘ಚೈನೀಸ್ ಸೀರೀಸ್’ ಎಂಬ ಎರಡು ಮೂರು ನಿಮಿಷಗಳ ಚಿತ್ರವಾಗಿ ಉಳಿದಿವೆ.