ರಕ್ತ ಕ್ಯಾನ್ಸರ್‌ಗೆ ದಿನಕ್ಕೊಂದು ಬಾರಿ ಮಾತ್ರೆ: ಡಾ. ಡ್ರೂಕರ್ ಸಾಗಿದ ಹಾದಿ

ಕ್ಯಾನ್ಸರ್ ಎಂದೊಡನೆ ಉದುರುವ ಕೂದಲು, ವಾಂತಿ, ನಿತ್ರಾಣಗಳೇ ಕಣ್ಮುಂದೆ ಬರುತ್ತವೆ. ಆದರೆ ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ತುತ್ತಾದ ಅನೇಕರು ಇಂದು ಪ್ರತಿನಿತ್ಯ ಮಾತ್ರೆ ನುಂಗಿ, ತಮ್ಮ ಕೆಲಸ ಕಾರ್ಯಗಳನ್ನು ಎಂದಿನಂತೆ ನಡೆಸಿಕೊಂಡು ಹೋಗುತ್ತಿದ್ದಾರೆ. 'ಇಮ್ಯಾಟಿನಿಬ್' ಎಂಬ ಈ ಔಷಧ ಪ್ರಯೋಗಾಲಯದಿಂದ ರೋಗಿಯ ಕೈ ಸೇರಲು ಮುಖ್ಯ ಕಾರಣರಾದವರು ಅಮೆರಿಕದ ವೈದ್ಯ ವಿಜ್ಞಾನಿ ಡಾ. ಬ್ರಯಾನ್ ಡ್ರೂಕರ್.

1955ರಲ್ಲಿ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿ ಜನಿಸಿದ ಡ್ರೂಕರ್, ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, 1981ರಲ್ಲಿ ಅಲ್ಲಿಯೇ ವೈದ್ಯ ಪದವಿ ಪಡೆದರು. ಬಳಿಕ ಬೋಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯನ್ನು ಸೇರಿದರು. ರೋಗಿಗಳನ್ನು ನೋಡುವುದರ ಜೊತೆಗೆ ಪ್ರಯೋಗಾಲಯದ ಕೆಲಸವನ್ನೂ ಕಲಿತ ಅವರ ಗಮನ ನೆಟ್ಟಿದ್ದು 'ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ' ಎಂಬ ರೋಗದ ಮೇಲೆ.

ಈ ಆಯ್ಕೆಗೆ ಕಾರಣವಿತ್ತು. ಬಹುತೇಕ ಕ್ಯಾನ್ಸರ್‌ಗಳ ಮೂಲ ಗೋಜಲಾಗಿದ್ದ ಆ ದಿನಗಳಲ್ಲಿ ಈ ರೋಗದ ಮೂಲ ಮಾತ್ರ ಸ್ಪಷ್ಟವಾಗಿತ್ತು. ರೋಗಿಗಳ ರಕ್ತಕಣಗಳಲ್ಲಿ ಅಸಹಜವಾಗಿ ಚಿಕ್ಕದಾದ ವರ್ಣತಂತುವೊಂದು ಇರುವುದನ್ನು 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಗುರುತಿಸಿದ್ದರು. 9 ಮತ್ತು 22ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಹೀಗೆ ಅದಲುಬದಲಾದಾಗ ಎರಡು ಜೀನುಗಳು ಬೆಸೆದುಕೊಂಡು 'ಬಿಸಿಆರ್-ಎಬಿಎಲ್' ಎಂಬ ಕಿಣ್ವವೊಂದು ಹುಟ್ಟುತ್ತದೆ. ಆರೋಗ್ಯವಂತರಲ್ಲಿ ಇಂಥ ಕಿಣ್ವಗಳು ಅಗತ್ಯವಿದ್ದಾಗಷ್ಟೇ ಕೆಲಸ ಮಾಡುತ್ತವೆ. ಆದರೆ ಇದು ತಿರುಪು ಕೆಟ್ಟ ನಲ್ಲಿಯಂತೆ ನಿಲ್ಲುವುದೇ ಇಲ್ಲ. ಬಿಳಿ ರಕ್ತಕಣಗಳು ಅಳತೆ ಮೀರಿ ಬೆಳೆಯುತ್ತಲೇ ಹೋಗುತ್ತವೆ. ಆ ನಲ್ಲಿಯನ್ನೊಂದನ್ನೇ ಮುಚ್ಚಬಲ್ಲ ಔಷಧ ಸಾಧ್ಯವೇ ಎಂಬುದು ಡ್ರೂಕರ್ ಅವರ ಪ್ರಶ್ನೆಯಾಗಿತ್ತು.

ಬೋಸ್ಟನ್ ತೊರೆದ ವೈದ್ಯ

ಇತ್ತ ಸ್ವಿಟ್ಜರ್‌ಲೆಂಡಿನ ಸಿಬಾ-ಗೈಗಿ ಕಂಪನಿಯಲ್ಲಿ ನಿಕೋಲಸ್ ಲಿಡನ್ ಅವರ ತಂಡ ಇಂಥ ಕಿಣ್ವಗಳನ್ನು ತಡೆಯುವ ರಾಸಾಯನಿಕಗಳನ್ನು ಸಿದ್ಧಪಡಿಸುತ್ತಿತ್ತು. ಆದರೆ ಡಾನಾ-ಫಾರ್ಬರ್ ಸಂಸ್ಥೆ ಪ್ರತಿಸ್ಪರ್ಧಿ ಕಂಪನಿ ಸ್ಯಾಂಡೋಜ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. 1993ರಲ್ಲಿ ಡ್ರೂಕರ್ ಬೋಸ್ಟನ್ ತೊರೆದು ದೇಶದ ಇನ್ನೊಂದು ಅಂಚಿನ ಪೋರ್ಟ್‌ಲೆಂಡ್‌ಗೆ, ಒರೆಗಾನ್ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಹೋದರು. ಲಿಡನ್ ಅವರನ್ನು ಸಂಪರ್ಕಿಸಿ ರಾಸಾಯನಿಕಗಳ ಮಾದರಿಗಳನ್ನು ತರಿಸಿಕೊಂಡರು. ಅವುಗಳಲ್ಲೊಂದು ಕ್ಯಾನ್ಸರ್ ಕಣಗಳನ್ನು ಕೊಂದು, ಆರೋಗ್ಯವಂತ ಕಣಗಳನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟಿತ್ತು. 1996ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಅಷ್ಟಾದರೂ ಔಷಧ ಮುಂದಡಿ ಇಡಲಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 5 ಸಾವಿರ ಮಂದಿಗಷ್ಟೇ ತಗಲುತ್ತಿದ್ದ ರೋಗವಿದು; ಕಂಪನಿಯ ಲೆಕ್ಕದಲ್ಲಿ ಮಾರುಕಟ್ಟೆ ತೀರ ಚಿಕ್ಕದು. ಸಾಲದ್ದಕ್ಕೆ ಸಿಬಾ-ಗೈಗಿ ಮತ್ತು ಸ್ಯಾಂಡೋಜ್ ವಿಲೀನಗೊಂಡು ನೊವಾರ್ಟಿಸ್ ಆದವು. ಪ್ರಾಣಿ ಪ್ರಯೋಗದಲ್ಲಿ ಯಕೃತ್ತಿಗೆ ತೊಂದರೆ ಕಂಡಿದ್ದೂ ಅನುಮಾನ ಹೆಚ್ಚಿಸಿತು. ತಮ್ಮ ರೋಗಿಗಳಿಗೆ ಬೇರೆ ದಾರಿಯಿಲ್ಲವೆಂದು ಡ್ರೂಕರ್ ಪಟ್ಟು ಬಿಡದಿದ್ದುದರಿಂದಲೇ 1998ರ ಜೂನ್‌ನಲ್ಲಿ ಮಾನವ ಪ್ರಯೋಗ ಆರಂಭವಾಯಿತೆನ್ನಬೇಕು.

ಆಗ ಬಳಕೆಯಲ್ಲಿದ್ದ ಇಂಟರ್‌ಫೆರಾನ್ ಚಿಕಿತ್ಸೆ ಫಲಿಸದವರಿಗೆ ಮೊದಲು ಅತ್ಯಲ್ಪ ಪ್ರಮಾಣದಲ್ಲಿ ಔಷಧ ನೀಡಿ ಕ್ರಮೇಣ ಹೆಚ್ಚಿಸಲಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಸಂಖ್ಯೆ ಸಹಜ ಸ್ಥಿತಿಗೆ ಮರಳಿತು. ಮೊದಲ ಹಂತದ ಪ್ರಯೋಗದಲ್ಲಿ ಸುರಕ್ಷತೆ ತಿಳಿದರೆ ಸಾಕೆನ್ನುವ ವೈದ್ಯಲೋಕ ಇದನ್ನು ನಿರೀಕ್ಷಿಸಿರಲಿಲ್ಲ. ಸುದ್ದಿ ಹಬ್ಬಿದಂತೆ ಬೇಡಿಕೆ ಪೂರೈಕೆಯನ್ನು ಮೀರಿತು. ಉತ್ಪಾದನೆ ಹೆಚ್ಚಿಸುವಂತೆ ರೋಗಿಗಳೇ ಸಹಿ ಸಂಗ್ರಹಿಸಿ ಕಂಪನಿಗೆ ಮನವಿ ಸಲ್ಲಿಸಿದರು. 2001ರ ಮೇ 10ರಂದು ಅಮೆರಿಕ ಸರ್ಕಾರ ಔಷಧಕ್ಕೆ ಅನುಮತಿ ನೀಡಿತು.

ಬೆಲೆಯ ಪ್ರಶ್ನೆ

ಇಮ್ಯಾಟಿನಿಬ್ ರೋಗವನ್ನು ಹತೋಟಿಯಲ್ಲಿಡುತ್ತದೆ. ಹೆಚ್ಚಿನವರಲ್ಲಿ ಬೇರುಸಹಿತ ಕೀಳುವುದಿಲ್ಲ. ಆದ್ದರಿಂದ ವರ್ಷಾನುಗಟ್ಟಲೆ ಸೇವಿಸಬೇಕು. ಮೊದಲ ಚಿಕಿತ್ಸೆಯಾಗಿ ಇದನ್ನು ಪಡೆದವರಲ್ಲಿ ಶೇ. 83ರಷ್ಟು ಮಂದಿ 10 ವರ್ಷಗಳ ಬಳಿಕವೂ ಬದುಕಿದ್ದರೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಆದರೆ ಅಷ್ಟು ಕಾಲ ಮಾತ್ರೆ ಕೊಳ್ಳುವವರು ಯಾರು?

ಭಾರತದಲ್ಲಿ ನೊವಾರ್ಟಿಸ್ ಔಷಧಕ್ಕೆ ತಿಂಗಳಿಗೆ ಸುಮಾರು 1.2 ಲಕ್ಷ ರೂ. ತಗಲುತ್ತಿದ್ದರೆ, ದೇಶೀಯ ಕಂಪನಿಗಳ ಅದೇ ಔಷಧ ಸುಮಾರು 8ರಿಂದ 10 ಸಾವಿರ ರೂಪಾಯಿಗೆ ಲಭ್ಯವಿತ್ತು. ನೊವಾರ್ಟಿಸ್ ಕೆಲವರಿಗೆ ಉಚಿತವಾಗಿಯೂ ಔಷಧ ನೀಡುತ್ತಿತ್ತೆಂಬುದು ನಿಜ. ಆದರೆ ಅದು ಕೋರಿದ್ದ ಪೇಟೆಂಟ್ ದೊರೆತಿದ್ದರೆ ಅಗ್ಗದ ಮಾತ್ರೆಗಳ ದಾರಿ ಮುಚ್ಚುತ್ತಿತ್ತು. ಹಳೆಯ ವಸ್ತುವಿನ ಹೊಸ ರೂಪಕ್ಕೆ ಹೆಚ್ಚಿನ ಗುಣಕಾರಿ ಶಕ್ತಿ ಇದೆಯೆಂದು ಸಾಬೀತಾಗದೆ ಪೇಟೆಂಟ್ ಸಲ್ಲದೆಂಬ 3(ಡಿ) ಕಲಮಿನ ಆಧಾರದಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಕರ್ನಾಟಕವೂ ಸೇರಿದಂತೆ ದೇಶದ ರೋಗಿಗಳಿಗೆ ಅಗ್ಗದ ಮಾತ್ರೆ ಉಳಿದದ್ದು ಹೀಗೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ವಿಷಯದಲ್ಲಿ ಡ್ರೂಕರ್ ಮೌನವಾಗಿರಲಿಲ್ಲ. ಔಷಧದ ಬೆಲೆ ತಮಗೆ ಇರುಸುಮುರುಸು ತಂದಿದೆಯೆಂದು 2007ರಲ್ಲಿಯೇ ಭಾರತದ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಕೋರ್ಟ್ ತೀರ್ಪು ಬಂದ ತಿಂಗಳಿನಲ್ಲಿಯೇ ನೂರಕ್ಕೂ ಹೆಚ್ಚು ತಜ್ಞರು ದುಬಾರಿ ಬೆಲೆಯನ್ನು ಖಂಡಿಸಿ ಹೊರಡಿಸಿದ ಹೇಳಿಕೆಗೂ ಅವರು ಸಹಿ ಹಾಕಿದರು.

2009ರಲ್ಲಿ ಲಿಡನ್ ಮತ್ತು ಚಾರ್ಲ್ಸ್ ಸಾಯರ್ಸ್ ಅವರೊಂದಿಗೆ ಲಾಸ್ಕರ್ ಪ್ರಶಸ್ತಿ ಪಡೆದ ಡ್ರೂಕರ್, 2007ರಿಂದ 2024ರವರೆಗೆ ಪೋರ್ಟ್‌ಲೆಂಡಿನ ನೈಟ್ ಕ್ಯಾನ್ಸರ್ ಸಂಸ್ಥೆಯ ನೇತೃತ್ವ ವಹಿಸಿದ್ದರು. ನೈಕಿ ಕಂಪನಿಯ ಸಹ ಸಂಸ್ಥಾಪಕ ಫಿಲ್ ನೈಟ್ ಮತ್ತು ಪತ್ನಿ ಪೆನ್ನಿ 2025ರ ಆಗಸ್ಟ್‌ನಲ್ಲಿ ಈ ಸಂಸ್ಥೆಗೆ 200 ಕೋಟಿ ಡಾಲರ್ ಕೊಡುಗೆ ಪ್ರಕಟಿಸಿದರು. ಅದರೊಂದಿಗೆ ರೂಪುಗೊಂಡ ಹೊಸ ಘಟಕದ ಹೊಣೆ ಮತ್ತೆ ಡ್ರೂಕರ್ ಅವರ ಹೆಗಲೇರಿತು.