ಬಾಕಿ ಒಬ್ಬನದು, ವಸೂಲಿ ಇನ್ನೊಬ್ಬಳಿಂದ: ಕಪ್ಪು ಬಣ್ಣ ಕಂಡೊಡನೆ ಏಳುವ ಅನುಮಾನ

2016ರ ಜನವರಿ 31ರ ರಾತ್ರಿ. ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಡಿಕ್ಕಿಯಾಗಿ 35 ವರ್ಷದ ಮಹಿಳೆಯೊಬ್ಬರು ತೀರಿಕೊಂಡರು. ಜನ ಸೇರಿದರು, ಕಾರು ಓಡಿಸಿದವನಿಗೆ ಹೊಡೆದರು. ಸುಮಾರು ಅರ್ಧ ಗಂಟೆ ಕಳೆದ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದದ್ದು ತಾಂಜಾನಿಯಾದ 21 ವರ್ಷದ ವಿದ್ಯಾರ್ಥಿನಿ ಮತ್ತು ಆಕೆಯ ಗೆಳೆಯರು. ಅಪಘಾತ ಏನು, ಎತ್ತ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ? ಆದರೆ ಗುಂಪಿಗೆ ಭೂಗೋಳ ಬೇಕಿರಲಿಲ್ಲ, ಬಣ್ಣ ಸಾಕಾಗಿತ್ತು. ಅವರನ್ನು ಎಳೆದು ಹೊಡೆದರು, ಕಾರಿಗೆ ಬೆಂಕಿ ಇಟ್ಟರು. ಆಕೆಯ ಮೈಮೇಲಿನ ಬಟ್ಟೆ ಹರಿದರು. ತಪ್ಪಿಸಿಕೊಳ್ಳಲು ಬಸ್ಸು ಹತ್ತಿದರೆ ಬಸ್ಸಿನಲ್ಲಿದ್ದವರೇ ಹೊರಗೆ ತಳ್ಳಿದರು ಎಂದು ಆಕೆಯ ದೂರು.

ಸುದ್ದಿ ದೇಶ ದಾಟಿತು. ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ನೋವು ವ್ಯಕ್ತಪಡಿಸಿದರು. ಕೆಲವರ ಬಂಧನವಾಯಿತು, ಪೊಲೀಸರು ಅಮಾನತಾದರು. ಆಗ ರಾಜ್ಯದ ಗೃಹ ಸಚಿವರಾಗಿದ್ದ ಜಿ. ಪರಮೇಶ್ವರ್ ಮಾತ್ರ ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಸಿಟ್ಟಾದ ಜನರ ಪ್ರತಿಕ್ರಿಯೆ ಎಂದರು.

ಸಚಿವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ರಾತ್ರಿ ಆಫ್ರಿಕಾದವರನ್ನು ಹೊಡೆಯಬೇಕೆಂದು ಯಾರೂ ಮೀಟಿಂಗ್ ಮಾಡಿ ಬಂದಿರಲಿಲ್ಲ. ಅಲ್ಲಿದ್ದವರನ್ನು ಮರುದಿನ ಬೆಳಿಗ್ಗೆ ಕೇಳಿದ್ದರೆ ತಮಗೆ ಯಾವ ಜನಾಂಗದ ಮೇಲೂ ದ್ವೇಷ ಇಲ್ಲ ಎಂದೇ ಹೇಳುತ್ತಿದ್ದರು, ಬಹುಶಃ ಪ್ರಾಮಾಣಿಕವಾಗಿಯೇ. ಹಾಗಿದ್ದರೂ ಎರಡನೇ ಕಾರು ನಿಂತಿತು. ಅದರಲ್ಲಿ ಬೆಂಗಳೂರಿನದೇ ಒಂದು ಕುಟುಂಬ ಇದ್ದಿದ್ದರೆ ನಿಲ್ಲುತ್ತಿತ್ತಾ? ಅರಿವಿಲ್ಲದ ಪೂರ್ವಗ್ರಹ ಎಂದು ಇಂಗ್ಲಿಷ್ ಓದಿದವರು ಹೇಳುವುದು ಇದಕ್ಕೇ. ಮನಸ್ಸಿಗೆ ಗೊತ್ತಾಗುವ ಮೊದಲೇ ಕೈ ತೀರ್ಮಾನ ಮಾಡಿರುತ್ತದೆ.

ವ್ಯಾಪಾರದ ಲೆಕ್ಕದಲ್ಲಿ ಹೇಳಿದರೆ ವಿಷಯ ಸಲೀಸು. ಅಂಗಡಿಯವನು ಗಿರಾಕಿಯ ಮುಖ ನೋಡಿ ಉದ್ರಿ ಕೊಡುತ್ತಾನೆ, ಕೆಲವರಿಗೆ ಕೊಡುವುದಿಲ್ಲ. ಅದು ತಪ್ಪಲ್ಲ, ಯಾಕೆಂದರೆ ಆ ಗಿರಾಕಿಯ ಹಿಂದಿನ ವ್ಯವಹಾರ ಅವನ ಪುಸ್ತಕದಲ್ಲಿದೆ. ಆದರೆ ಒಬ್ಬ ಗಿರಾಕಿಯ ಬಾಕಿಯನ್ನು, ಅಂಗಿಯ ಬಣ್ಣ ಒಂದೇ ಎಂದು, ಇನ್ನೊಬ್ಬನ ಖಾತೆಗೆ ಬರೆದರೆ? ಯಾವ ಲೆಕ್ಕಿಗನೂ ಅದನ್ನು ಒಪ್ಪುವುದಿಲ್ಲ. ಪ್ರೊಫೈಲಿಂಗ್ ಅಂದರೆ ಇಷ್ಟೇ. ಮನುಷ್ಯನ ಸ್ವಂತ ನಡತೆ ನೋಡದೆ, ಅವನ ಬಣ್ಣ, ಹೆಸರು, ಗಡ್ಡ, ಭಾಷೆ ನೋಡಿ ಬೇರೆ ಯಾರದೋ ಬಾಕಿಯನ್ನು ಅವನ ಹೆಸರಿಗೆ ಹಚ್ಚುವುದು.

ಇದಕ್ಕೆ ಚರ್ಮದ ಬಣ್ಣವೇ ಆಗಬೇಕೆಂದೂ ಇಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಜತ್ ತಾಲೂಕಿನ ಮುಚ್ಚಂಡಿಯಂಥ ಗಡಿ ಊರಿನವರಿಗೆ ಇದು ಬೇರೆ ರೂಪದಲ್ಲಿ ಗೊತ್ತು. ಮನೆಮಾತು ಕನ್ನಡ, ಕಚೇರಿ ಕಾಗದ ಮರಾಠಿ. ಗಡಿ ಗಲಾಟೆ ಎದ್ದಾಗಲೆಲ್ಲ ಬಸ್ಸು ನಿಲ್ಲುತ್ತದೆ. 2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರ ನಂಬರಿನ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. 2025ರ ಫೆಬ್ರವರಿಯಲ್ಲಿ ಬೆಳಗಾವಿ ಕಡೆ ಕರ್ನಾಟಕದ ಕಂಡಕ್ಟರ್‌ಗೆ ಹೊಡೆತ, ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕನ ಮುಖಕ್ಕೆ ಮಸಿ. ಗಡಿ ಎಲ್ಲಿ ಹಾದುಹೋಗಬೇಕೆಂದು ಆ ಚಾಲಕನನ್ನು ಯಾರೂ ಕೇಳಿರಲಿಲ್ಲ. ನಂಬರ್ ಪ್ಲೇಟ್ ನೋಡಿ ಹೊಡೆಯುವುದಕ್ಕೂ ಬಣ್ಣ ನೋಡಿ ಹೊಡೆಯುವುದಕ್ಕೂ ಲೆಕ್ಕ ಒಂದೇ. ವ್ಯತ್ಯಾಸ ಇಷ್ಟು: ಚಾಲಕ ಡ್ಯೂಟಿ ಮುಗಿಸಿ ಬಸ್ಸಿನಿಂದ ಇಳಿದು ಮನೆಗೆ ಹೋಗಬಹುದು. ಚರ್ಮದಿಂದ ಇಳಿಯಲಿಕ್ಕೆ ಆಗುವುದಿಲ್ಲ. (ಅಂದಹಾಗೆ, ಅವಮಾನ ಮಾಡಲು ಮುಖಕ್ಕೆ ಬಳಿಯುವ ಬಣ್ಣವೂ ಕಪ್ಪೇ ಯಾಕೆ ಎಂಬುದು ಬೇರೆಯೇ ಪ್ರಶ್ನೆ.)

ಹೊಡೆತ ಬಡಿತ ಆದಾಗ ಪೇಪರಿಗೆ ಬರುತ್ತದೆ. ದಿನನಿತ್ಯದ್ದು ಬರುವುದಿಲ್ಲ. ಆಫ್ರಿಕಾದ ವಿದ್ಯಾರ್ಥಿ ಅಂಗಡಿಗೆ ಕಾಲಿಟ್ಟರೆ ಕೆಲಸದ ಹುಡುಗನೊಬ್ಬ ಬಾಲದ ಹಾಗೆ ಹಿಂದೆ ಹೋಗುತ್ತಾನೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಹೋಗುತ್ತಾರೆ. ಬಾಡಿಗೆ ಮನೆ ಬ್ರೋಕರ್ ಫೋನಿನಲ್ಲಿ ಚೆನ್ನಾಗಿ ಮಾತನಾಡಿ, ಮುಖ ಕಂಡ ಮೇಲೆ "ಓನರ್ ಊರಲ್ಲಿಲ್ಲ" ಅನ್ನುತ್ತಾನೆ, ಇಲ್ಲವೇ ಬಾಡಿಗೆ ಏರಿಸುತ್ತಾನೆ. ರಸ್ತೆಯಲ್ಲಿ ಹೋಗುವಾಗ ಕೇಳದೆ ಫೋಟೋ ತೆಗೆಯುವವರು, ಕೂದಲು ಮುಟ್ಟಿ ನೋಡುವವರು ಬೇರೆ. ಯಾವುದೂ ದೊಡ್ಡ ಅಪರಾಧ ಅನ್ನಿಸುವುದಿಲ್ಲ, ಮಾಡುವವರಿಗೆ. ದಿನಕ್ಕೆ ಹತ್ತು ಸಲ ಅನುಭವಿಸುವವನಿಗೆ ಲೆಕ್ಕ ಬೇರೆ.

ಇದಕ್ಕೆ ಸಿದ್ಧ ಉತ್ತರ ಒಂದಿದೆ: "ಅವರು ಡ್ರಗ್ಸ್ ಮಾರುತ್ತಾರಲ್ಲ ಮಾರಾಯ್ರೆ!" ಮಾದಕ ವಸ್ತು ಪ್ರಕರಣಗಳಲ್ಲಿ ಆಫ್ರಿಕಾದ ಕೆಲವರು ಸಿಕ್ಕಿಬಿದ್ದಿರುವುದು ಸುಳ್ಳಲ್ಲ. ಮಂಗಳೂರು, ಕಾಸರಗೋಡಿನ ಹುಡುಗರೂ ಸಿಕ್ಕಿಬಿದ್ದಿದ್ದಾರೆ. ಹಾಗಂತ ಉಪ್ಪಳದಿಂದ ಬೆಂಗಳೂರಿಗೆ ಓದಲು ಹೋದ ಪ್ರತಿ ಹುಡುಗನ ಬ್ಯಾಗ್ ಬಿಚ್ಚಿಸಿದರೆ ಮನೆಯವರು ಒಪ್ಪುತ್ತಾರಾ? 2021ರ ಆಗಸ್ಟ್‌ನಲ್ಲಿ ಡ್ರಗ್ಸ್ ಆರೋಪದಲ್ಲಿ ಹಿಡಿದಿದ್ದ ಕಾಂಗೋ ದೇಶದ ಯುವಕನೊಬ್ಬ ಬೆಂಗಳೂರಿನ ಜೆ.ಸಿ. ನಗರ ಪೊಲೀಸರ ವಶದಲ್ಲಿದ್ದಾಗ ಸತ್ತ. ಹೃದಯಾಘಾತ ಎಂದರು ಪೊಲೀಸರು. ಠಾಣೆ ಮುಂದೆ ಪ್ರತಿಭಟನೆಗೆ ಬಂದ ಆಫ್ರಿಕನ್ನರ ಮೇಲೆ ಲಾಠಿ ಬೀಸಿದರು. ಸತ್ತವನ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ತೀರ್ಪು ಅದೇ ಸಂಜೆ ಬಂದಿತ್ತು.

ಬಣ್ಣ ನೋಡಿ ತಡೆದರೆ ಕಳ್ಳರು ಹೆಚ್ಚು ಸಿಗುತ್ತಾರಾ? ಅಮೆರಿಕದ ನ್ಯೂಯಾರ್ಕ್ ನಗರ ಅದನ್ನು ದೊಡ್ಡ ಮಟ್ಟದಲ್ಲೇ ಮಾಡಿ ನೋಡಿತು. ಅನುಮಾನ ಬಂದವರನ್ನು ರಸ್ತೆಯಲ್ಲೇ ನಿಲ್ಲಿಸಿ ಜೇಬು ತಡಕುವ ಪದ್ಧತಿಯಲ್ಲಿ 2011ರ ಒಂದೇ ವರ್ಷ 6,85,000ಕ್ಕೂ ಹೆಚ್ಚು ಸಲ ಜನರನ್ನು ತಡೆದರು. ನಗರದ ಜನರಲ್ಲಿ ಕಪ್ಪು ವರ್ಣೀಯರು ಸುಮಾರು ಕಾಲು ಭಾಗ, ತಡೆಯಲ್ಪಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು. ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರ ಮೇಲೆ ಕೇಸೂ ಇಲ್ಲ, ದಂಡವೂ ಇಲ್ಲ. ಸುಮ್ಮನೆ ಬಿಟ್ಟು ಕಳಿಸಿದರು. 2013ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಈ ಪದ್ಧತಿ ನಡೆಸಿದ ರೀತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಹತ್ತು ಗಾಡಿ ಸರಕಿನಲ್ಲಿ ಒಂಬತ್ತು ವಾಪಸ್ ಬರುವ ವ್ಯಾಪಾರವನ್ನು ಯಾವ ವ್ಯಾಪಾರಿ ಮುಂದುವರಿಸುತ್ತಾನೆ?

ಅಂಗಡಿಯವರು ತಿಳಿಯಬೇಕಾದ ಇನ್ನೊಂದು ಕೇಸ್ 2018ರ ಏಪ್ರಿಲ್‌ನದು. ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯಲ್ಲಿ ಇಬ್ಬರು ಕಪ್ಪು ಯುವಕರು ಏನೂ ಆರ್ಡರ್ ಮಾಡದೆ ಒಬ್ಬರಿಗಾಗಿ ಕಾಯುತ್ತಿದ್ದರು. ಸಿಬ್ಬಂದಿ ಪೊಲೀಸರಿಗೆ ಫೋನ್ ಮಾಡಿದರು, ಇಬ್ಬರ ಕೈಗೂ ಕೋಳ ಬಿತ್ತು. ವಿಡಿಯೋ ಹರಡಿದ ಮೇಲೆ ಕಂಪೆನಿ ಕ್ಷಮೆ ಕೇಳಿ, ಮೇ 29ರಂದು ಅಮೆರಿಕದ ತನ್ನ ಸುಮಾರು 8,000 ಅಂಗಡಿಗಳನ್ನು ಮಧ್ಯಾಹ್ನದ ಮೇಲೆ ಮುಚ್ಚಿ ಸಿಬ್ಬಂದಿಗೆ ಪಾಠ ಮಾಡಿಸಿತು. ಒಂದು ಮಧ್ಯಾಹ್ನದ ಪಾಠದಿಂದ ಎಷ್ಟು ಬದಲಾಯಿತೋ, ಆ ಮಾತು ಬೇರೆ.

ಹೆಸರಿನ ಮೇಲೂ ಇದೇ ಆಟ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಬೋಸ್ಟನ್, ಶಿಕಾಗೋ ನಗರಗಳ ಕಂಪೆನಿಗಳಿಗೆ ಸುಮಾರು 5,000 ಉದ್ಯೋಗದ ಅರ್ಜಿ ಕಳಿಸಿದರು. ವಿದ್ಯೆ, ಅನುಭವ ಒಂದೇ ತರಹದ್ದು, ಹೆಸರು ಮಾತ್ರ ಬೇರೆ. ಬಿಳಿಯರ ಹೆಸರಿದ್ದ ಅರ್ಜಿಗಳಿಗೆ ಶೇ. 50ರಷ್ಟು ಹೆಚ್ಚು ಕರೆ ಬಂತು. ಇದು ಅಮೆರಿಕದ ಕಥೆ ಎಂದು ಪಕ್ಕಕ್ಕಿಡುವ ಹಾಗಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಭಾರತದಲ್ಲಿ ಇದೇ ರೀತಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಹೆಸರು ಕೇಳಿದ ಮೇಲೆ "ಮನೆ ಆಗಲೇ ಕೊಟ್ಟಾಯ್ತು" ಎಂಬ ಉತ್ತರ ಕೇಳಿಸಿಕೊಂಡ ಬ್ಯಾರಿ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಹುಡುಗ ನಾಳೆ ಬೆಂಗಳೂರಿನಲ್ಲಿ ಫ್ಲ್ಯಾಟ್ ಮಾಡಿ ಬಾಡಿಗೆಗೆ ಕೊಡುವಾಗ ನೈಜೀರಿಯಾದವನಿಗೆ ಏನು ಉತ್ತರ ಕೊಡುತ್ತಾನೆ? ಅಲ್ಲಿದೆ ವಿಷಯ.

ಕಪ್ಪು ಬಣ್ಣ, ಗುಂಗುರು ಕೂದಲು ಕಂಡರೆ "ಯಾವ ದೇಶ?" ಎಂಬ ಪ್ರಶ್ನೆ ಕನ್ನಡಿಗರಿಗೂ ಬೀಳುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಸಿದ್ದಿಗಳಿದ್ದಾರೆ. ಅವರ ಹಿರಿಯರನ್ನು ಶತಮಾನಗಳ ಹಿಂದೆ ಪೋರ್ಚುಗೀಸರು ಮತ್ತಿತರ ವ್ಯಾಪಾರಿಗಳು ಆಫ್ರಿಕಾದಿಂದ ಗುಲಾಮರಾಗಿ ತಂದರು. ಗೋವಾದಿಂದ ತಪ್ಪಿಸಿಕೊಂಡವರು ಪಶ್ಚಿಮ ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಕನ್ನಡ, ಕೊಂಕಣಿ, ಉರ್ದು ಆಡುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, 2020ರಲ್ಲಿ ಬೆಳಗಾವಿ, ಧಾರವಾಡದವರೂ ಸೇರಿದರು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದ ಶಾಸಕಾಂಗ ಪ್ರವೇಶಿಸಿದ ಮೊದಲ ಸಿದ್ದಿಯಾದರು. ಇಷ್ಟಾದರೂ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸಿದ್ದಿ ಯುವಕ ಅಚ್ಚ ಕನ್ನಡದಲ್ಲಿ ಮಾತನಾಡಿದರೆ ಎದುರಿನವರು ಬೆರಗಾಗಿ ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಾರೆ.

ಬೆರಗಾಗುವವರಿಗೆ ಇತಿಹಾಸ ಮರೆತಿದೆ. ಮುಚ್ಚಂಡಿ, ಉಮದಿ, ಸಂಖ ಕಡೆಯವರಿಗೆ ವಿಜಯಪುರ ದೂರದ ಊರಲ್ಲ. ಜತ್‌ನ ಡಫಳೆ ಮನೆತನಕ್ಕೆ ದೇಶಮುಖಿ ಬಂದದ್ದೂ ಬಿಜಾಪುರದ ಆದಿಲ್‌ಶಾಹಿಗಳಿಂದ. ಆ ದರ್ಬಾರಿನಲ್ಲಿ ಹಬಶಿಗಳು, ಅಂದರೆ ಆಫ್ರಿಕಾ ಮೂಲದವರು, ಬಾಗಿಲು ಕಾಯುವವರಾಗಿ ಮಾತ್ರ ಇರಲಿಲ್ಲ. 1580ರ ದಶಕದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಚಿಕ್ಕವನಿದ್ದಾಗ ರಾಜ್ಯಭಾರ ನಡೆಸಿದ್ದು ದಿಲಾವರ್ ಖಾನ್ ಎಂಬ ಹಬಶಿ. ಮುಂದೆ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಮಂತ್ರಿ. ಪ್ರವಾಸಕ್ಕೆ ಹೋದವರೆಲ್ಲ ಫೋಟೋ ಹಿಡಿಸಿಕೊಳ್ಳುವ ಇಬ್ರಾಹಿಂ ರೋಜಾದ ಕಟ್ಟಡ ಕೆಲಸ ನೋಡಿಕೊಂಡ ಮಲಿಕ್ ಸಂದಲ್ ಕೂಡ ಹಬಶಿಯೆಂದು ಇತಿಹಾಸಕಾರರು ಗುರುತಿಸುತ್ತಾರೆ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತ ಹಿಡಿದು, 1626ರಲ್ಲಿ ಸಾಯುವವರೆಗೂ ಮೊಗಲರನ್ನು ಕಾಡಿದ. ಅವನು ಕಟ್ಟಿದ ಖಡ್ಕಿಯೇ ಮುಂದೆ ಔರಂಗಾಬಾದ್ ಆಯಿತು. ದಖ್ಖನ್ ಅವರಿಗೆ ಬಾಡಿಗೆ ಮನೆಯಾಗಿರಲಿಲ್ಲ.

ಮನೆಯೊಳಗಿನ ಮಾತಿಗೆ ಬಂದರೆ ಇನ್ನೂ ಕಷ್ಟ. ಹಬಶಿ ಎಂಬುದು ಈಗ ಬೈಗುಳ. ಮಗನಿಗೆ ಬಿಲಾಲ್ ಎಂದು ಹೆಸರಿಡುವವರು, ಇಸ್ಲಾಮಿನ ಮೊದಲ ಬಾಂಗ್ ಕೊಟ್ಟ ಆ ಹಬಶಿ ಸಹಾಬಿಯ ಕಥೆ ಹೇಳುವವರು, ರಸ್ತೆಯಲ್ಲಿ ಆಫ್ರಿಕನ್ ಹುಡುಗನನ್ನು ಕಂಡರೆ "ನೀಗ್ರೋ" ಎಂದು ಮಕ್ಕಳಿಗೆ ತೋರಿಸುತ್ತಾರೆ. ದಮ್ಮಾಮ್, ದುಬೈಯ ಕ್ಯಾಂಪುಗಳಲ್ಲಿ ಸುಡಾನಿ, ಉಗಾಂಡದವರ ಜೊತೆ ಒಂದೇ ಪಾತ್ರೆಯಲ್ಲಿ ಊಟ ಮಾಡಿದವರು ಊರಿಗೆ ಬಂದು ಅದೇ ಜೋಕು ಹೇಳುತ್ತಾರೆ. ಮದುವೆ ಮಾತುಕತೆಯಲ್ಲಿ "ಹುಡುಗಿ ಸ್ವಲ್ಪ ಕಪ್ಪು, ಆದರೆ ಗುಣ ಒಳ್ಳೇದು" ಅನ್ನುತ್ತಾರೆ. ಆ "ಆದರೆ"ಯಲ್ಲೇ ಎಲ್ಲ ಇದೆ. 2020ರ ಮೇ ತಿಂಗಳಲ್ಲಿ ಅಮೆರಿಕದ ಪೊಲೀಸ್ ಅಧಿಕಾರಿ ಕುತ್ತಿಗೆಯ ಮೇಲೆ ಮೊಣಕಾಲೂರಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯನನ್ನು ಕೊಂದ ಮೇಲೆ ಜಗತ್ತಿನಾದ್ಯಂತ ಗದ್ದಲ ಎದ್ದು, ಜುಲೈಯಲ್ಲಿ ಫೇರ್ ಆ್ಯಂಡ್ ಲವ್ಲಿ ಕ್ರೀಮಿನ ಹೆಸರು ಗ್ಲೋ ಆ್ಯಂಡ್ ಲವ್ಲಿ ಆಯಿತು. ಕೌಂಟರಿನಲ್ಲಿ ಈಗಲೂ ಕೇಳುವುದು ಹಳೇ ಹೆಸರನ್ನೇ.

ಕಾನೂನು ಏನು ಹೇಳುತ್ತದೆ? ವಿದೇಶಿಯರಿಗೆ ಮನೆ, ಕೋಣೆ ಕೊಡುವವರು 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡಬೇಕು. ಪಾಸ್‌ಪೋರ್ಟ್, ವೀಸಾ ಕೇಳುವುದು ಪ್ರೊಫೈಲಿಂಗ್ ಅಲ್ಲ. ಜರ್ಮನಿಯವನಿಗೆ ಟೀ ಕೊಟ್ಟು, ಕೆನ್ಯಾದವನಿಗೆ ಮಾತ್ರ ಪಾಸ್‌ಪೋರ್ಟ್ ಕೇಳಿದರೆ ಅದು ಪ್ರೊಫೈಲಿಂಗ್. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಸೆಕ್ಷನ್ ಪ್ರಕಾರ ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಮರಣದಂಡನೆ ಅಥವಾ ಜೀವಾವಧಿ. ಅದೇ ಕಾರಣಕ್ಕೆ ಗುಂಪು ತೀವ್ರ ಗಾಯ ಮಾಡಿದರೆ 117(4)ರಡಿ ಏಳು ವರ್ಷದವರೆಗೆ ಜೈಲು. ಸಿದ್ದಿಗಳು ಪರಿಶಿಷ್ಟ ಪಂಗಡವಾಗಿರುವ ಜಿಲ್ಲೆಗಳಲ್ಲಿ ಅವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇದೆ. ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಅಂಗಡಿ, ಹೋಟೆಲುಗಳ ಹೆಸರು ಹಿಡಿದೇ ಹೇಳುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಈ ಕಾರಣಗಳಿಗೆ ಯಾವ ನಾಗರಿಕನಿಗೂ ಅಲ್ಲಿ ಪ್ರವೇಶ ತಡೆಯುವಂತಿಲ್ಲ. ಅಲ್ಲಿರುವ ಪದ ನಾಗರಿಕ. ಅಂಗಡಿಯ ಬಾಗಿಲಲ್ಲಿ ತಡೆದರೆ ಯಲ್ಲಾಪುರದ ಸಿದ್ದಿ ಈ ವಿಧಿ ತೋರಿಸಬಹುದು. ತಾಂಜಾನಿಯಾದ ವಿದ್ಯಾರ್ಥಿನಿಗೆ ಅದೂ ಇಲ್ಲ, ಅಂಗಡಿಯವನ ಮರ್ಜಿ ಮಾತ್ರ.