ಎಟುಕದ ಗವಾಕ್ಷಿಗೊಂದು ದೋಟಿ

ಡೊಂಬಿವಲಿಯ ನಮ್ಮ ಹಳೆಯ ಮನೆಯ ಅಡಿಗೆಕೋಣೆಯಲ್ಲಿ, ಸೂರಿನ ತುಸು ಕೆಳಗೆ, ಒಂದು ಸಣ್ಣ ಗವಾಕ್ಷಿಯಿದೆ. ಅದರ ಅಗುಳಿಯಿದ್ದುದು ನೆಲದಿಂದ 8 ಅಡಿ ಎತ್ತರದಲ್ಲಿ. ಒಗ್ಗರಣೆಯ ಹೊಗೆ ತುಂಬಿದಾಗ ಅದನ್ನು ತೆರೆಯಬೇಕು. ಮಳೆಯ ಎರಚಲು ಹೊಡೆದಾಗಲೂ, ಕೈಗಾರಿಕಾ ವಸಾಹತಿನ ಕಡೆಯಿಂದ ರಾತ್ರಿ ಘಾಟು ಬೀಸಿದಾಗಲೂ ಮುಚ್ಚಬೇಕು. ಪ್ರತಿಸಲವೂ ಸ್ಟೂಲು ಹತ್ತುವುದೇ ನಮ್ಮ ಪದ್ಧತಿಯಾಗಿತ್ತು. ಒಂದು ಮಳೆಗಾಲದ ಸಂಜೆ ಅಜ್ಜಿಯವರು ಯಾರನ್ನೂ ಕರೆಯದೆ ತಾವೇ ಹತ್ತಿದರು. ಸ್ಟೂಲು ಜಾರಿತು, ಮಣಿಕಟ್ಟಿನ ಎಲುಬು ಮುರಿದು ಆರು ವಾರ ಕೈಗೆ ಪ್ಲಾಸ್ಟರು. ನೋವು ತಗ್ಗಿದ ಮೇಲೆ ಅವರು ಕೇಳಿದ್ದು ಇಷ್ಟೇ: “ಊರಿನಲ್ಲಿ ನುಗ್ಗೆಕಾಯಿ ಕೊಯ್ಯಲು ನಾವು ಮರ ಹತ್ತುತ್ತಿದ್ದೆವೇನೋ? ದೋಟಿ ಇರಲಿಲ್ಲವೆ?”

ವಿದ್ಯಾರ್ಥಿ ಮಿತ್ರರೆ, ಗವಾಕ್ಷಿಯನ್ನು ಅಷ್ಟು ಎತ್ತರದಲ್ಲಿ ಇಡುವುದೇಕೆ? ಬಿಸಿಯಾದ ಗಾಳಿಯು ಹಿಗ್ಗಿ ಹಗುರಾಗಿ ಮೇಲಕ್ಕೇರುತ್ತದೆ. ಹೊಗೆಯೂ ಹಬೆಯೂ ಅದರೊಡನೆ ಏರುತ್ತವೆ. ಮೇಲೆ ದಾರಿಯಿದ್ದರೆ ಅವು ಹೊರಗೆ ಹೋಗಿ, ಕೆಳಗಿನ ಬಾಗಿಲು ಕಿಟಕಿಗಳಿಂದ ತಂಗಾಳಿ ಒಳಬರುತ್ತದೆ. ಆದುದರಿಂದ ಗವಾಕ್ಷಿಯನ್ನು ಕೆಳಗಿಳಿಸುವಂತಿಲ್ಲ. ಮನುಷ್ಯನನ್ನು ಮೇಲಕ್ಕೇರಿಸುವುದು ಅಪಾಯಕರ. ಉಳಿಯುವ ಉಪಾಯವೆಂದರೆ ಅದರ ಹಿಡಿಯನ್ನು ಮಾತ್ರ ನಮ್ಮ ಕೈಯ ಮಟ್ಟಕ್ಕೆ ತರುವುದು. ಕಲ್ಯಾಣದಿಂದ ಹಳೆಯ ಲೋಕಲ್ ಗಾಡಿಗಳಲ್ಲಿ ಓಡಾಡಿದವರು ಈ ತತ್ತ್ವವನ್ನು ತಿಳಿಯದೆಯೇ ಬಲ್ಲರು: ನಿಂತುಹೋದ ಪಂಖದ ರೆಕ್ಕೆಯನ್ನು ಜಾಲರಿಯ ಸಂದಿಯಿಂದ ಬಾಚಣಿಗೆಯಲ್ಲಿ ತಳ್ಳಿ ತಿರುಗಿಸುತ್ತಿದ್ದರು. (ಇದು ಅನುಕರಿಸತಕ್ಕ ಕೆಲಸವಲ್ಲ!)

ಇದೇ ತೊಡಕು ಚಲಿಸುವ ಮನೆಗಳಲ್ಲಿಯೂ ಉಂಟು. 2021ರಲ್ಲಿ ಮಹಾರಾಷ್ಟ್ರ ಸರ್ಕಾರವು ಕಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಮಲಗುವ, ಅಡಿಗೆ ಮಾಡುವ ಅನುಕೂಲವುಳ್ಳ ಮೋಟಾರು ವಾಹನವೇ ಕಾರವಾನ್. ಅದರ ಛಾವಣಿಯಲ್ಲಿ ಸಾಮಾನ್ಯವಾಗಿ 14 ಅಂಗುಲ ಚೌಕದ ಒಂದು ಗಾಳಿಗಂಡಿ. ಮುಚ್ಚಳವನ್ನೆತ್ತುವ ತಿರುಗು ಹಿಡಿಯೂ ಅನೇಕ ವೇಳೆ ಪಂಖದ ಗುಂಡಿಯೂ ಅಲ್ಲಿಯೇ. ಅದರ ಕೆಳಗೆ ಮಂಚವಿದ್ದರೆ ನಿಲ್ಲಲು ಸ್ಥಳವಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರ ಪಾಡಂತೂ ಹೇಳಬೇಕಾಗಿಲ್ಲ. ಇದು ಕೇವಲ ಸೆಕೆಯ ಪ್ರಶ್ನೆಯಲ್ಲ. ಇಕ್ಕಟ್ಟಾದ ಮುಚ್ಚಿದ ಜಾಗದಲ್ಲಿ ಒಲೆ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಪ್ರಾಣ ತೆಗೆಯುವ ಶಕ್ತಿಯುಂಟು. ಸೋರಿದ ಅಡಿಗೆ ಅನಿಲದ ಸ್ವಭಾವ ಬೇರೆ: ಅದು ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲಿ ಹರಡುತ್ತದೆ, ಅದಕ್ಕೆ ತಳದಲ್ಲಿಯೂ ಗಂಡಿ ಬೇಕು.

ಕಾರವಾನಿಗೆ ಸುಲಭವಾದ ಪರಿಹಾರ ಅಜ್ಜಿಯವರ ದೋಟಿಯೇ. ಹಗುರವಾದ ಕೋಲೊಂದರ ತುದಿಗೆ, ತಿರುಗು ಹಿಡಿಯನ್ನು ಕಚ್ಚಿಕೊಳ್ಳುವ ಕವೆಯನ್ನು ಕೂಡಿಸಿದರೆ ಕೆಳಗಿನಿಂದಲೇ ತಿರುಗಿಸಬಹುದು. ನೇರ ಕೆಳಗೆ ನಿಲ್ಲಲಾಗದಿದ್ದರೆ ಕವೆಯ ಬಳಿ ಬಾಗುವ ಕೀಲೊಂದು ಬೇಕು. ಕೋಲು ಉದ್ದವಾದಷ್ಟೂ ತುದಿ ತೂಗಾಡುತ್ತದೆ. ಆದುದರಿಂದ ಬೇಕಾದಷ್ಟೇ ಉದ್ದವಿರಲಿ, ವಾಹನ ಕುಲುಕುವಾಗ ಬೀಳದಂತೆ ಗೋಡೆಯ ಹಿಡಿಕೆಗೆ ಸಿಕ್ಕಿಸಿರಲಿ. ಪಂಖದ ಗುಂಡಿಯನ್ನು ತಂತಿಯ ಮೂಲಕ ಗೋಡೆಗೆ ಇಳಿಸಬಹುದು. ಅದು ಬಲ್ಲವರ ಕೆಲಸ. ಮುಚ್ಚಳವನ್ನು ವಿದ್ಯುತ್ತಿನಿಂದಲೇ ತೆರೆಯುವ ಯಂತ್ರಗಳೂ ಇವೆ. ಬ್ಯಾಟರಿ ಬರಿದಾದ ರಾತ್ರಿಗೆಂದು ಕೈಹಿಡಿಯನ್ನು ಮಾತ್ರ ತೆಗೆಯಬಾರದು.

ಹಿಡಿಯನ್ನು ಎಷ್ಟು ಎತ್ತರಕ್ಕೆ ಇಳಿಸಬೇಕು? ಅಂಗವಿಕಲರ ಸೌಕರ್ಯಕ್ಕಾಗಿ ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಕಟ್ಟಡ ನಿಯಮಗಳು ಇದಕ್ಕೆ 48 ಅಂಗುಲದ ಮೇರೆಯನ್ನು ಹಾಕಿವೆ. ಒಂದೇ ಕೈಯಿಂದ, ಬೆರಳನ್ನು ಬಿಗಿಯಾಗಿ ಹಿಡಿಯದೆ, ಮಣಿಕಟ್ಟನ್ನು ತಿರುಚದೆ ನಡೆಸುವಂತಿರಬೇಕೆಂದೂ ಹೇಳಿವೆ. ನಮ್ಮಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸುಗಮ್ಯತೆಯನ್ನು ಹಕ್ಕಿನ ವಿಷಯವನ್ನಾಗಿ ಮಾಡಿದೆ.

ನಮ್ಮ ಅಡಿಗೆಕೋಣೆಗೆ ಕೋಲಿಗಿಂತ ಹುರಿಯೇ ಒದಗಿತು. ನಮ್ಮ ಗವಾಕ್ಷಿಯ ಬಾಗಿಲಿಗೆ ತಿರುಗಣಿಯಿರುವುದು ಕೆಳಗಿನ ಅಂಚಿನಲ್ಲಿ. ಮೇಲಂಚಿಗೆ ಎರಡು ಹುರಿಗಳನ್ನು ಕಟ್ಟಿದೆವು. ಒಂದು ಕೋಣೆಯೊಳಕ್ಕೆ ಓರೆಯಾಗಿ ಇಳಿಯುತ್ತದೆ. ಎಳೆದರೆ ಬಾಗಿಲು ಒಳಕ್ಕೆ ವಾಲಿ ತೆರೆಯುತ್ತದೆ. ಇನ್ನೊಂದು ಚೌಕಟ್ಟಿನ ಮೇಲಿನ ಪುಟ್ಟ ರಾಟೆಯನ್ನು ಹಾದು ಬರುತ್ತದೆ, ಎಳೆದರೆ ಮುಚ್ಚುತ್ತದೆ. ಸ್ಥಿರವಾದ ರಾಟೆಯು ಬಲವನ್ನು ಉಳಿಸುವುದಿಲ್ಲ, ಎಳೆತದ ದಿಕ್ಕನ್ನು ಮಾತ್ರ ಬದಲಿಸುತ್ತದೆ ಎಂಬ ಪಾಠವು ಆ ದಿನ ನನಗೆ ಚೆನ್ನಾಗಿ ಮನವರಿಕೆಯಾಯಿತು. ಹುರಿಗಳ ತುದಿಯನ್ನು ಉರುಳಾಗಿ ಬಿಡಲಿಲ್ಲ, ಮಕ್ಕಳ ಕೊರಳಿಗೆ ಸಿಕ್ಕೀತೆಂದು. ಗೋಡೆಯ ಮೊಳೆಗೆ ಸುತ್ತಿಟ್ಟೆವು. ಕಣ್ಣು ಮಂಜಾದ ಅಜ್ಜಿಯವರಿಗೆ ಗುರುತಾಗಲೆಂದು ತೆರೆಯುವ ಹುರಿಗೆ ಒಂದು ಮರದ ಮಣಿ, ಮುಚ್ಚುವುದಕ್ಕೆ ಎರಡು.

ಮೊನ್ನೆ ಮಳೆ ಹೊಡೆದಾಗ ಅವರು ಬಲಗೈಯಲ್ಲಿ ದೋಸೆ ಮಗುಚುತ್ತಲೇ ಎಡಗೈಯಿಂದ ಎರಡು ಮಣಿಯ ಹುರಿಯನ್ನು ಎಳೆದರು.